ರನ್‌ವೇ ಬದಿಯ ಯಜಮಾನರು

೧೯೪೪ನೇ ಇಸವಿ ಮಾರ್ಚ್ ೧೨, ಭಾನುವಾರ. ಮೋಡ ಇಲ್ಲ, ಗಾಳಿ ಇಲ್ಲ. ಬಿಸಿಲು ಬೆಳಗ್ಗೆಯೇ ಏರಿತ್ತು. ಬಿಳಿಗಿರಿರಂಗನ ಬೆಟ್ಟ ದೂಳಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು.

ಇಷ್ಟನ್ನು ರೇಡಿಯೊದಲ್ಲಿ ಇಂಗ್ಲಿಷಿನಲ್ಲಿ ಹೇಳುವುದು ಅಲ್ಲಿ ನನ್ನ ಮೊದಲ ಕೆಲಸ. ಹೇಳಿದೆ. ಆ ಕಡೆಯ ದೊಡ್ಡ ನಿಲ್ದಾಣದವರು "ರನ್‌ವೇ ಖಾಲಿ ಇದೆಯೇ?" ಎಂದು ಕೇಳಿದರು. ಬಾಗಿಲಿಂದ ತಲೆ ಹೊರಗೆ ಹಾಕಿ ನೋಡಿದೆ. ರನ್‌ವೇ ಮೇಲೆ ಒಬ್ಬರು ಮುದುಕರು ಕೊಡೆ ಬಿಡಿಸಿಕೊಂಡು ಕೂತಿದ್ದರು. ಇಲ್ಲ ಎಂದೆ.

ಇಂಥದ್ದು ಸಣ್ಣ ವಿಮಾನ ನಿಲ್ದಾಣಗಳಲ್ಲಿ ಆಗುತ್ತಲೇ ಇರುತ್ತದೆ. ದೊಡ್ಡ ಕಡೆ ವಿಮಾನ ಬರಲೆಂದು ಜನ ಕಾಯುತ್ತಾರೆ. ಸಣ್ಣ ಕಡೆ ಜನ ಏಳಲೆಂದು ವಿಮಾನ ಕಾಯುತ್ತದೆ.

ನಮ್ಮದು ನಿಲ್ದಾಣ ಎನ್ನುವುದಕ್ಕೂ ಸಂಕೋಚವಾಗುವಂಥದ್ದು. ಯುದ್ಧದ ಕಾಲ. ದಾರಿ ತಪ್ಪಿದ, ಎಣ್ಣೆ ತೀರಿದ ವಿಮಾನಗಳು ಇಳಿದುಕೊಳ್ಳಲೆಂದು ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಒಂದಷ್ಟು ಹೊಲಗಳನ್ನು ಮಟ್ಟ ಮಾಡಿ, ಗರಸು ಹೊಡೆದು, ರೋಲರ್ ಎಳೆದಿದ್ದರು. ಎರಡೂ ಬದಿಗೆ ಸುಣ್ಣ ಬಳಿದ ಕಲ್ಲು. ಒಂದು ತಗಡಿನ ಷೆಡ್ಡು, ಅದರೊಳಗೆ ರೇಡಿಯೊ, ಬ್ಯಾಟರಿ, ನಾನು. ಹೊರಗೆ ಕೆಂಪು ಬಾವುಟ ಹಿಡಿದ ಕಾವಲುಗಾರ. ಬೆಟ್ಟದ ಸೋಲಿಗರವನು, ಮಾತು ನನಗಿಂತಲೂ ಕಡಿಮೆ.

ಕೊಡೆಯ ಮುದುಕರು ಅಗರದ ಯಜಮಾನರು. ಅಗರ ಮೈಸೂರು ಸೀಮೆ. ಅವರ ಎರಡು ಹೊಲ ಮಾತ್ರ ಗಡಿಕಲ್ಲು ದಾಟಿ ಕೊಳ್ಳೇಗಾಲದ ಕಡೆ, ಎಂದರೆ ಮದರಾಸು ಪ್ರಾಂತ್ಯದಲ್ಲಿದ್ದವು. ಅದರಲ್ಲಿ ಇದೊಂದನ್ನು ಸರ್ಕಾರ ತೆಗೆದುಕೊಂಡಿತ್ತು. ಪರಿಹಾರ ಆಮೇಲೆ ಎಂದಿದ್ದರು. ಯಜಮಾನರು ಪರಿಹಾರ ಕೇಳಿದವರಲ್ಲ. ಅವರ ಕೇಳಿಕೆ ಒಂದೇ. ಕಲ್ಲಿನ ಸಾಲಿನಿಂದ ಒಂದು ಮಾರು ಆಚೆ, ಆದರೆ ಸರ್ಕಾರದ ಬೇಲಿಯ ಒಳಗೆ, ಅವರ ಹೆಂಡತಿಯ ಸಮಾಧಿ ಇತ್ತು. ತಾವು ಸತ್ತರೆ ಅದರ ಪಕ್ಕದಲ್ಲೇ ಮಣ್ಣಿಗಿಡಬೇಕು. ಬೇಲಿಯೊಳಗೆ ಬದುಕಿದವರೇ ಬರುವಂತಿಲ್ಲ, ಹೆಣ ಹೇಗೆ ಎಂದು ಕಚೇರಿಯವರು ಹೇಳಿದ್ದರು. ಯಜಮಾನರು ದಿನವೂ ಬಂದು ಕೂರುವುದನ್ನು ಬಿಡಲಿಲ್ಲ.

"ಬೇಲಿಯೊಳಗೆ ಬರಬಾರದು ಯಜಮಾನರೇ" ಎಂದೆ ಮೊದಲ ದಿನ.

"ಬರ್ನಿಲ್ಲ ಕಣಪ್ಪಾ. ನಾನು ಇಲ್ಲೇ ಇದ್ದೆ. ಬೇಲಿ ಬಂತು" ಎಂದರು.

ಗಾಳಿಚೀಲ

ಆಷಾಢದ ಗಾಳಿ ಎದ್ದ ಸಮಯ. ಗಾಳಿ ಯಾವ ಕಡೆಗೆ ಎಂದು ಪೈಲಟ್‌ಗೆ ಮೇಲಿನಿಂದಲೇ ಕಾಣಲೆಂದು ಉದ್ದನೆಯ ಗಳುವಿಗೆ ಬಿಳಿ ಬಟ್ಟೆಯ ಚೀಲ ಕಟ್ಟಿರುತ್ತಾರೆ. ಒಂದು ಬೆಳಗ್ಗೆ ನೋಡಿದರೆ ಗಳು ಇದೆ, ಚೀಲ ಇಲ್ಲ.

ಆಗ ಬಟ್ಟೆಗೂ ರೇಷನ್ನು. ಸರ್ಕಾರಿ ಸ್ವತ್ತು ಹೋದರೆ ದೂರು ಕೊಡಲೇಬೇಕು. ಕೊಟ್ಟೆ. ಕೊಳ್ಳೇಗಾಲದಿಂದ ಒಬ್ಬ ಪೋಲೀಸಿನವನು ಸೈಕಲ್ಲಿನಲ್ಲಿ ಬಂದ. ಸುತ್ತಲಿನ ಊರುಗಳಲ್ಲಿ ವಿಚಾರಿಸಿ ಸಂಜೆ ಮರಳಿದ. ಮುಖ ಸಪ್ಪಗಿತ್ತು.

"ಸಿಕ್ತಾ?" ಎಂದೆ.

"ಸಿಕ್ತು ಸಾ. ಒಂದು ಮುದುಕಿ ತೀರೋಗಿತ್ತಂತೆ. ಒದಿಸಕ್ಕೆ ಬಟ್ಟೆ ಸಿಗ್ನಿಲ್ಲ. ಇದನ್ನ ಬಿಚ್ಕಂಡೋಗಿ ಒದಿಸಿ ಮಣ್ಣು ಮಾಡ್ಬುಟ್ಟವ್ರೆ." ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ರೂಲ್ಸ್ ಪ್ರಕಾರ ಜಪ್ತಿ ಮಾಡ್ಬೇಕು. ಏನ್ಮಾಡನ, ಅಗೆಸ್ಲಾ?"

ಬೇಡ ಎಂದೆ. ಗಾಳಿ ಹಾರಿಸಿಕೊಂಡು ಹೋಯಿತು ಎಂದು ಬರೆದುಕೊಂಡು ಅವನು ಹೋದ. ಆಷಾಢದಲ್ಲಿ ಅದನ್ನು ಯಾರೂ ಸುಳ್ಳು ಎನ್ನುವಂತಿರಲಿಲ್ಲ.

ಹೊಸ ಚೀಲ ಬರುವುದು ಯಾವಾಗಲೋ. ಇದನ್ನೆಲ್ಲ ನೋಡುತ್ತ ಕೂತಿದ್ದ ಯಜಮಾನರು ತಮ್ಮ ಹೆಗಲ ಮೇಲಿನ ಕೆಂಪಂಚಿನ ವಲ್ಲಿಯನ್ನು ತೆಗೆದು ಕಾವಲುಗಾರನ ಕೈಗಿಟ್ಟರು. ಅದನ್ನೇ ಗಳುವಿಗೆ ಕಟ್ಟಿದೆವು. ಆ ವಾರ ಇಳಿದ ಪೈಲಟ್ ಅದನ್ನು ನೋಡಿ, ಈ ಕೆಂಪು ಅಂಚು ಯಾವ ದೇಶದ ಬಾವುಟ ಎಂದು ಕೇಳಿದ.

ಪ್ರಶ್ನೆಯನ್ನು ಯಜಮಾನರಿಗೆ ಕನ್ನಡದಲ್ಲಿ ತಿಳಿಸಿದೆ. ಅವರು ಹೇಳಿದರು: "ಸೋತ ದೇಶದ್ದು ಅಂತ ಯೋಳಪ್ಪಾ."

ಜೋಳದ ಗಡಿಪಾರು

ಮುಂಗಾರು ಜೋಳ ಕೊಯ್ಲಾಯಿತು. ಯಜಮಾನರ ಮಗ, ನಲವತ್ತರ ಆಸುಪಾಸಿನ ಗಟ್ಟಿ ಆಳು, ಉಳಿದಿದ್ದ ಇನ್ನೊಂದು ಹೊಲದ ಜೋಳವನ್ನು ಗಾಡಿಯಲ್ಲಿ ತಂದು ರನ್‌ವೇ ಮೇಲೆ ಹರಡಿದ. ಸಗಣಿ ಸಾರಿಸಿ ಕಣ ಮಾಡುವ ಕಷ್ಟವಿಲ್ಲ, ರೋಲರ್ ಎಳೆದ ನೆಲ, ಒಂದು ಕಲ್ಲಿಲ್ಲ. ಅಂಥ ಕಣ ಅವರ ವಂಶದಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಓಡಿದೆ. "ಏನ್ರೀ ಇದು? ಬ್ಯಾಟರಿ ತರುವ ವಿಮಾನ ಈಗ ಬರುತ್ತೆ!"

"ಬರ್ಲಿ ಅಂತ್ಲೇ ಆಕಿರಾದು ಸಾ. ಎತ್ತು ಕಟ್ಟಿ ದಿನೆಲ್ಲ ತುಳಿಸೋ ಬದ್ಲು ಅದ್ರ ಗಾಲಿ ಒಂದ್ಸಲ ಮ್ಯಾಲೆ ಆಯ್ದ್ರೆ ಒಕ್ಕಣೆ ಮುಗೀತು."

ಷೆಡ್ಡಿಗೆ ಮರಳಿ ಓಡಿದೆ. ಇಳಿಯಬೇಡಿ, ರನ್‌ವೇ ಖಾಲಿ ಇಲ್ಲ, ಎಂದು ರೇಡಿಯೊದಲ್ಲಿ ಕೂಗಿದೆ. ಬ್ಯಾಟರಿ ಇಳಿದು ಹೋಗಿತ್ತು. ಹೊಸ ಬ್ಯಾಟರಿ ಆ ವಿಮಾನದಲ್ಲೇ ಇತ್ತು. ಕಾವಲುಗಾರ ಬಾವುಟ ಬೀಸುತ್ತ ಓಡಿದ. ವಿಮಾನ ಇಳಿದೇ ಬಿಟ್ಟಿತು. ಸ್ವಾಗತಕ್ಕೆ ಹಳದಿ ಹಾಸು ಹಾಸಿದ್ದಾರೆಂದು ತಿಳಿದೆ ಎಂದು ಪೈಲಟ್ ಆಮೇಲೆ ಹೇಳಿದ.

ಗಾಲಿಗಳು ತೆನೆ ತುಳಿದದ್ದು ನಿಜ. ಆದರೆ ವಿಮಾನ ಹೊರಳುವಾಗ ಅದರ ಮೂತಿಯ ಪ್ರೊಪೆಲ್ಲರ್ ಎಬ್ಬಿಸಿದ ಗಾಳಿಗೆ ಹೊಟ್ಟು ಎದ್ದಿತು, ಹೊಟ್ಟಿನ ಹಿಂದೆ ಕಾಳೂ ಎದ್ದಿತು. ದೂಳು ಇಳಿದಾಗ ಕಣ ಗುಡಿಸಿದ ಹಾಗಿತ್ತು. ಜೋಳವೆಲ್ಲ ಗಡಿಕಲ್ಲಿನ ಆಚೆ ಮೈಸೂರು ಸೀಮೆಯಲ್ಲಿ ಬಿದ್ದಿತ್ತು.

ಮಗ ಆಚೆ ಹೋಗಿ ಚೀಲಕ್ಕೆ ಬಾಚಿಕೊಳ್ಳುತ್ತಿದ್ದಾಗ ಗಡಿಯ ಸುಂಕದ ಕಟ್ಟೆಯವನು ಹಿಡಿದ. ಆಗ ಒಂದು ಸೀಮೆಯ ಧಾನ್ಯ ಇನ್ನೊಂದಕ್ಕೆ ಪರ್ಮಿಟ್ ಇಲ್ಲದೆ ಹೋಗುವಂತಿರಲಿಲ್ಲ.

"ಯಾವ ಸೀಮೆ ಜೋಳ ಇದು?"

"ಕೊಳ್ಳೇಗಾಲದ ಕಡೇದು ಸಾ."

"ಯಾಕ್ಲಾ ತಂದೆ ಗಡಿ ದಾಟಿಸ್ಕಂಡು?"

"ನಾನ್ ತರ್ನಿಲ್ಲ ಸಾ. ಆ ಇಮಾನ ತಂತು."

"ಇಮಾನಕ್ಕೆ ಪರ್ಮಿಟ್ ಇತ್ತಾ?"

ಇರಲಿಲ್ಲ. ಜೋಳ ಜಪ್ತಿಯಾಯಿತು. ಆ ವರ್ಷ ಅವರ ಮನೆಯಲ್ಲಿ ರಾಗಿ ಬರುವವರೆಗೆ ಏನು ಉಂಡರೋ ನಾನು ಕೇಳಲಿಲ್ಲ. ಯಜಮಾನರು ಮಾತ್ರ ಮಾರನೆಯ ದಿನ ಎಂದಿನಂತೆ ಬಂದು ಕೂತರು.

"ನೆಲ ಈ ಸೀಮೆಯೋರು ತಕಂಡ್ರು. ಜೋಳ ಆ ಸೀಮೆಯೋರು ತಕಂಡ್ರು. ಹೆಣ ಒಂದದೆ, ಅದನ್ನ ಮಾತ್ರ ಇಬ್ರೂ ಬ್ಯಾಡ ಅಂತಾರಲ್ಲಪ್ಪಾ" ಎಂದರು.

ಬರುವ ಹೊತ್ತು

ಜೋಳ ಹೋದ ಮೇಲೆ ಯಜಮಾನರು ಸೊರಗಿದರು. ನಡೆಯುವಾಗ ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಮಿಂದು, ವಿಭೂತಿ ಧರಿಸಿ, ಷೆಡ್ಡಿನ ಬಾಗಿಲಿಗೆ ಬಂದು ರೇಡಿಯೊ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

"ಇದ್ರಲ್ಲಿ ಮಾತಾಡಿದ್ರೆ ಸರ್ಕಾರಕ್ಕೆ ಕೇಳುತ್ತಾ?"

"ನಿಲ್ದಾಣದವರಿಗೆ ಕೇಳುತ್ತೆ."

"ಅವ್ರು ಸರ್ಕಾರವಲ್ವಾ?"

"ಹೌದು, ಒಂದು ಥರ."

"ಅಂಗಾದ್ರೆ ಕೇಳಪ್ಪಾ. ಅಗರದೋರು ಒಬ್ರು, ಇಲ್ಲೇ ಇಳೀಬೇಕು ಅಂತಾವ್ರೆ, ಜಾಗ ಬೇಕು ಅಂತ."

ಕೆಲಸದ ವಿಷಯ ಬಿಟ್ಟು ಬೇರೆ ಒಂದು ಮಾತೂ ಆಡಬಾರದೆಂದು ನಿಯಮ. ಆದರೂ ಒಂದು ಮಧ್ಯಾಹ್ನ, ಆಕಾಶದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಒಬ್ಬರಿಗೆ ಇಲ್ಲಿ ಶಾಶ್ವತವಾಗಿ ಇಳಿಯಲು ಅನುಮತಿ ಬೇಕಾಗಿದೆ ಎಂದು ಕೇಳಿದೆ.

"ಯಾವ ಬಗೆಯ ವಿಮಾನ?" ಎಂದರು.

"ವಿಮಾನವಲ್ಲ. ವೃದ್ಧರು."

ಸ್ವಲ್ಪ ಹೊತ್ತು ಗೊರಗೊರ ಸದ್ದು. ಆಮೇಲೆ, "ಎಷ್ಟು ಮಂದಿ?"

"ಒಬ್ಬರು."

"ಬರುವ ಹೊತ್ತು? ಹೊರಡುವ ಹೊತ್ತು?"

ಯಜಮಾನರ ಕಡೆ ತಿರುಗಿ, ಬರುವುದು ಯಾವಾಗ, ಹೊರಡುವುದು ಯಾವಾಗ ಎಂದು ಕೇಳುತ್ತಿದ್ದಾರೆ ಎಂದೆ.

ಅವರು ಯೋಚಿಸಿದರು. "ಬರಾದು ಶಿವ ಯೋಳ್ದಾಗ. ಓಗಾದು ಮಾತ್ರ ಇಲ್ಲ, ಅದನ್ನ ಗಟ್ಟಿಯಾಗಿ ಯೋಳು."

ಹೇಳಿದೆ. ಹೊರಡುವ ಹೊತ್ತು ತಿಳಿಸದವರಿಗೆ ಇಳಿಯಲು ಅನುಮತಿ ಇಲ್ಲ ಎಂದರು.

ಕೌದಳ್ಳಿ ಕಡೆ

ಇದು ನಗುವ ವಿಷಯವಲ್ಲ. ಆದರೂ ಹೇಳದೆ ಮುಂದಿನದು ತಿಳಿಯುವುದಿಲ್ಲ.

ಹಿಂಗಾರು ಮಳೆ. ನಾಲ್ಕು ಗಂಟೆಗೆಲ್ಲ ಕತ್ತಲಾದ ಹಾಗಿತ್ತು. ರೇಡಿಯೊದಲ್ಲಿ ಒಬ್ಬ ಹುಡುಗನ ದನಿ. ನನಗೆ ಏನೂ ಕಾಣುತ್ತಿಲ್ಲ, ನಾನು ನಿಮಗೆ ಕಾಣುತ್ತಿದ್ದೇನೆಯೇ, ಎಂದ. ಕಾಣುವುದಿಲ್ಲ, ನಿಮ್ಮ ಸದ್ದೂ ಇಲ್ಲ, ಎಂದೆ. ಬೆಟ್ಟದ ಕಡೆ ಹೋಗಬೇಡಿ, ಪಡುವಲಿಗೆ ತಿರುಗಿ ಎಂದೆ. ತಿರುಗುತ್ತೇನೆ, ಧನ್ಯವಾದ, ಎಂದ. ಆಮೇಲೆ ಬರೀ ಮಳೆಯ ಸದ್ದು. ಎಷ್ಟು ಕರೆದರೂ ಓ ಎನ್ನಲಿಲ್ಲ.

ಮರುದಿನ ಕೌದಳ್ಳಿ ಕಡೆಯಿಂದ ಒಬ್ಬ ಹನೂರಿಗೆ ನಡೆದು, ಅಲ್ಲಿಂದ ಬಸ್ಸು ಹತ್ತಿ, ವಿಚಾರಿಸಿಕೊಂಡು ನಮ್ಮಲ್ಲಿಗೆ ಬಂದ. ಒದ್ದೆ ಕಂಬಳಿ ತೆಗೆಯದೆ ನಿಂತ.

"ಸಾ, ನಿಮ್ಮ ಇಮಾನ ನಮ್ಮ ಕಡೆ ಇಳೀತು."

ನನಗೆ ಜೀವ ಬಂದ ಹಾಗಾಯಿತು. "ಇಳೀತಾ? ಎಲ್ಲಿ?"

ಅವನು ನೆಲ ನೋಡಿದ. "ಒಂದು ಕಡೆ ಅಂತ ಎಂಗ್ ಯೋಳ್ಲಿ ಸಾ."

ಯಜಮಾನರು ಬಾಗಿಲಲ್ಲೇ ಇದ್ದರು. ಆ ಹೊತ್ತಿಗೆ ಅವರು ಕೇಳಿದ್ದು ಇಷ್ಟೇ: "ಆ ಮಗುನ್ನ ಎಲ್ಲಿ ಮಣ್ಣು ಮಾಡ್ತಾರೆ? ಅವ್ರೂರು ಎಷ್ಟು ದೂರ?" ಸಮುದ್ರದ ಆಚೆ ಎಂದೆ. "ಅಯ್ಯೋ, ಅವ್ನಿಗಿಂತ ನಾನೇ ವಾಸಿ. ಒಂದು ಬೇಲಿ ಆಚೆ" ಎಂದರು.

ಅಭ್ಯಾಸದ ಗಾಯಾಳು

ಆ ಹುಡುಗ ಹೋದ ಮೇಲೆ ಮೇಲಿನವರಿಗೆ ಸುರಕ್ಷತೆಯ ನೆನಪಾಯಿತು. ಒಬ್ಬ ಇನ್‌ಸ್ಪೆಕ್ಟರು ಬಂದರು. ನಮ್ಮ ಸುರಕ್ಷತೆ ಎಂದರೆ ಮರಳು ತುಂಬಿದ ಎರಡು ಬಕೆಟ್ಟು, ಒಂದು ಕೊಡಲಿ, ಒಂದು ಸ್ಟ್ರೆಚರ್. ಬಕೆಟ್ಟಿನ ಮರಳಿನಲ್ಲಿ ಕಾವಲುಗಾರ ಗೆಣಸು ಹುಗಿದಿಟ್ಟಿದ್ದ. ಅದನ್ನು ಇನ್‌ಸ್ಪೆಕ್ಟರು ನೋಡಲಿಲ್ಲ.

ಅವಘಡದ ಅಭ್ಯಾಸ ಮಾಡಿ ತೋರಿಸಿ ಎಂದರು. ವಿಮಾನ ಇಲ್ಲಿ ಬಿದ್ದಿದೆ ಎಂದು ತಿಳಿಯಿರಿ. ಗಾಯಾಳು ಇಲ್ಲಿ. ಗಾಯಾಳು ಯಾರು? ಕಾವಲುಗಾರ ಒಂದು ಹೆಜ್ಜೆ ಹಿಂದೆ ಸರಿದ. ಸುಳ್ಳಿಗೂ ಹಾಗೆ ಮಲಗಬಾರದು, ಶುಭವಲ್ಲ ಎಂದ. ಸ್ಟ್ರೆಚರ್ ಹೊರಬೇಕಾದ ನಾನು ಮಲಗುವಂತಿರಲಿಲ್ಲ. ಇನ್‌ಸ್ಪೆಕ್ಟರು ಕೊಡೆಯ ಕಡೆ ಕೈ ತೋರಿಸಿ, "ಆ ಮುದುಕ ಯಾರು? ಅವನನ್ನು ಮಲಗಿಸಿ" ಎಂದರು.

ಯಜಮಾನರು ಸಂತೋಷವಾಗಿ ಒಪ್ಪಿದರು. ತಾವೇ ಜಾಗ ಆರಿಸಿಕೊಂಡು, ಸಮಾಧಿಯ ಪಕ್ಕದಲ್ಲಿ ಮಲಗಿ ಕಣ್ಣು ಮುಚ್ಚಿದರು. ನಾವು ಓಡಿ ಹೋಗಿ, ಮರಳೆರಚಿ, ಗೆಣಸು ಉರುಳಿಸಿ, ಸ್ಟ್ರೆಚರ್ ಇಟ್ಟೆವು. ಇನ್‌ಸ್ಪೆಕ್ಟರು ಗಡಿಯಾರ ನೋಡಿ ಪರವಾಗಿಲ್ಲ ಎಂದರು. "ಸರಿ, ಅಭ್ಯಾಸ ಮುಗಿಯಿತು. ಏಳಿ."

ಯಜಮಾನರು ಏಳಲಿಲ್ಲ.

"ಏಳಿ ಯಜಮಾನರೇ, ಮುಗೀತು" ಎಂದು ತೋಳು ಅಲುಗಿಸಿದೆ.

ಕಣ್ಣು ತೆರೆಯದೆ ಹೇಳಿದರು: "ನಿಂದು ಮುಗೀತು. ನಂದಿನ್ನೂ ಅಭ್ಯಾಸ ಆಯ್ತಾ ಅದೆ. ಸುಮ್ಕಿರು."

ನಾಲ್ಕನೆಯ ಹೆಗಲು

ಮರುವರ್ಷದ ಬೇಸಿಗೆಯಲ್ಲಿ ಯಜಮಾನರು ಬೆಳಗಿನ ಜಾವ ತೀರಿಕೊಂಡರು. ಅನುಮತಿ ಬಂದಿರಲಿಲ್ಲ. ಮಗ ಷೆಡ್ಡಿಗೆ ಬಂದು, "ಕೇಳಾಕ್ ಬರ್ನಿಲ್ಲ ಸಾ, ಯೋಳಾಕ್ ಬಂದೆ. ಅಪ್ಪನ್ನ ಇಲ್ಲಿಗೇ ತತ್ತೀವಿ" ಎಂದ. ನಾನು ಹ್ಞೂ ಎನ್ನಲಿಲ್ಲ, ಊಹ್ಞೂ ಎನ್ನಲಿಲ್ಲ. ಕಾವಲುಗಾರ ಹೋಗಿ ಬೇಲಿ ಬಿಚ್ಚಿದ.

ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮಡಿ ಬಟ್ಟೆ ಉಡಿಸಿ, ಹಣೆಗೆ ವಿಭೂತಿ ಇಟ್ಟು, ಹಾರ ಹಾಕಿ, ಬಿದಿರಿನ ಪೀಠದಲ್ಲಿ ನೆಟ್ಟಗೆ ಕೂರಿಸಿ ಹೊರುತ್ತಾರೆ. ತಮಟೆ ಮುಂದೆ. ಮೆರವಣಿಗೆ ರನ್‌ವೇ ಮೇಲೆ ಬಂದಾಗ ಷೆಡ್ಡಿನಲ್ಲಿ ರೇಡಿಯೊ ಮಾತಾಡಿತು. ಎಣ್ಣೆ ತೀರಿದೆ, ಇಳಿಯುತ್ತಿದ್ದೇನೆ, ರನ್‌ವೇ ಖಾಲಿ ಇದೆಯೇ?

"ಇಲ್ಲ. ಒಂದು ಸುತ್ತು ಹಾಕಿ."

"ಸುತ್ತಲು ಎಣ್ಣೆ ಇಲ್ಲ."

ಕೌದಳ್ಳಿಯ ಹುಡುಗನ ದನಿ ಕಿವಿಯಲ್ಲಿ ಇನ್ನೂ ಇತ್ತು. ಹೊರಗೆ ಓಡಿದೆ. "ಹಿಂದಕ್ಕೆ ಹೋಗ್ರೀ! ವಿಮಾನ!"

"ಎತ್ತಿದ್ ಮ್ಯಾಲೆ ಇಂದಕ್ ತಿರುಗ್ಸಂಗಿಲ್ಲ ಸಾ" ಎಂದ ಮಗ, ಹೊತ್ತುಕೊಂಡೇ.

"ಹಾಗಾದರೆ ಮುಂದಕ್ಕೆ ಓಡಿ!"

"ಓಡಂಗೂ ಇಲ್ಲ. ನಡೀತೀವಿ."

ನಡೆದರು. ಸುಣ್ಣದ ಕಲ್ಲು ದಾಟುವಷ್ಟರಲ್ಲಿ ವಿಮಾನ ಹುಣಸೆ ಮರದ ನೆತ್ತಿಗೆ ಬಂದಿತ್ತು. ಆ ಸದ್ದಿಗೆ ನೇಮ ನಿಷ್ಠೆ ಎಲ್ಲ ಮರೆತು, ಪೀಠವನ್ನು ಅಲ್ಲೇ ಇಟ್ಟು, ತಮಟೆಯವರ ಸಮೇತ ಎಲ್ಲರೂ ದಿಕ್ಕಾಪಾಲಾದರು. ಮಗ ನನ್ನ ತೋಳು ಹಿಡಿದು ಚರಂಡಿಗೆ ಎಳೆದ.

"ನಿಮ್ಮಪ್ಪ!" ಎಂದೆ.

"ಅವ್ರಿಗಿನ್ನೇನಾಯ್ತದೆ ಸಾ, ನೀವ್ ತಲೆ ಬಗ್ಸಿ!"

ವಿಮಾನ ನೆಲಕ್ಕೆ ತಾಗಿ, ಕುಪ್ಪಳಿಸಿ, ವಾಲಿ, ಕಲ್ಲಿನ ಸಾಲನ್ನು ಮುರಿದು ನಿಂತಿತು. ದೂಳು ಕರಗಿದಾಗ ನೋಡುತ್ತೇನೆ, ರೆಕ್ಕೆಯ ತುದಿಯಿಂದ ಒಂದು ಮಾರು ದೂರದಲ್ಲಿ, ಹೂವಿನ ಹಾರದಲ್ಲಿ, ಯಜಮಾನರು ಒಬ್ಬರೇ ಕೂತಿದ್ದಾರೆ. ಸ್ವಲ್ಪವೂ ಅಲುಗಿಲ್ಲ.

ಪೈಲಟ್ ಇಳಿದ. ಬಿಳಿಯ ಹುಡುಗ, ಮೀಸೆ ಸರಿಯಾಗಿ ಬಂದಿಲ್ಲ. ಯಜಮಾನರನ್ನು ನೋಡಿ ನಿಂತ. ನೆಟ್ಟಗಾಗಿ ಒಂದು ಸಲ್ಯೂಟ್ ಹೊಡೆದ. ನಾನು ಚರಂಡಿಯಿಂದ ಎದ್ದು ಬಂದೆ.

"ಇಂಥ ಧೈರ್ಯ ನಾನು ಯುದ್ಧದಲ್ಲೂ ನೋಡಿಲ್ಲ. ಕಣ್ಣು ಕೂಡ ತೆರೆದಿಲ್ಲ! ಹೆದರಿಕೆ ಆಗಲಿಲ್ಲವೇ ಎಂದು ಕೇಳಿ" ಎಂದ.

"ಇಲ್ಲ. ಅವರು ಸತ್ತಿದ್ದಾರೆ" ಎಂದೆ. ಹೆಚ್ಚು ಮಾತಾಡುವ ಅಭ್ಯಾಸ ನನಗಿಲ್ಲ.

ಅವನ ಮುಖ ಬೂದಿಯಾಯಿತು. "ನಾನು ಕೊಂದೆನೇ?"

"ಇಲ್ಲ, ಇಲ್ಲ. ಬೆಳಗ್ಗೆಯೇ ಸತ್ತರು."

"ಅಬ್ಬಾ, ದೇವರು ದೊಡ್ಡವನು!" ಎಂದವನು, ಮಗ ಎದುರಿಗೇ ನಿಂತದ್ದನ್ನು ಕಂಡು ಟೊಪ್ಪಿ ತೆಗೆದು ತಲೆ ತಗ್ಗಿಸಿದ.

ಓಡಿದವರಲ್ಲಿ ಹಲವರು ಅಗರ ಮುಟ್ಟಿದ್ದರು. ಸಮಾಧಿಯ ಪಕ್ಕದಲ್ಲಿ ಆಗಲೇ ತೋಡಿದ್ದ ಗುಂಡಿಗೆ ಇನ್ನೂ ಹತ್ತು ಹೆಜ್ಜೆ. ಮಗ, ಕಾವಲುಗಾರ, ನಾನು. ನಾಲ್ಕನೆಯ ಮೂಲೆಗೆ ಆಳಿಲ್ಲ. ಪೈಲಟ್ ನನ್ನನ್ನು ಏನೂ ಕೇಳದೆ ಬಂದು ಬಿದಿರಿಗೆ ಹೆಗಲು ಕೊಟ್ಟ. ನಮಗಿಂತ ಎತ್ತರದವನು. ಯಜಮಾನರು ಸ್ವಲ್ಪ ನಮ್ಮ ಕಡೆಗೇ ವಾಲಿಕೊಂಡು ಹೋದರು.

ಸರ್ಕಾರದ ಸಮವಸ್ತ್ರವೇ ಹೆಗಲು ಕೊಟ್ಟ ಮೇಲೆ ಬೇಲಿಯ ಮಾತನ್ನು ಯಾರೂ ಎತ್ತಲಿಲ್ಲ. ಮಣ್ಣು ಹಾಕಿದ ಮೇಲೆ ಮಗ ಕೈ ಒರೆಸಿಕೊಂಡು ಆಕಾಶ ನೋಡಿದ. "ಜಾಗ ಕೊಡಾಕಿಲ್ಲ ಅಂದ ಸರ್ಕಾರ, ಎಗಲು ಕೊಡಾಕೆ ಮ್ಯಾಲಿಂದ ಆಳು ಕಳಿಸ್ತಲ್ಲ ಸಾ!"

ಪಾವತಿ

ಯುದ್ಧ ಮುಗಿಯಿತು. ರೇಡಿಯೊ ಪೆಟ್ಟಿಗೆ ಹೋಯಿತು, ನಾನೂ ಬೇರೆ ಊರಿಗೆ ಹೋದೆ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳ ಮೇಲೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಮಗ ಸಿಕ್ಕಿದ. ತಲೆ ನರೆತು, ತಂದೆಯ ಹಾಗೆಯೇ ಕಾಣುತ್ತಿದ್ದ. ಟೀ ಕುಡಿಸಿದ.

"ಹೊಲ ವಾಪಸ್ ಬಂತೇ?"

"ಬಂತು ಸಾ. ಗರಸು ಕಿತ್ತಾಕಿ ಮೊನ್ನೆ ಜೋಳ ಚೆಲ್ದೆ."

"ಪರಿಹಾರ?"

"ಅದೂ ಇತ್ಯರ್ಥ ಆಯ್ತು. ಕಚೇರಿಗೆ ಎಷ್ಟು ಸಲ ಅಲೆದೆ ಅಂತೀರಿ." ಟೀ ಆರಿಸಿಕೊಳ್ಳುತ್ತ ಹೇಳಿದ. "ನೆಲ ವಾಪಸ್ ಕೊಟ್ಟಿದ್ದೀವಲ್ಲ, ಅದಕ್ಕೆ ಏನೂ ಇಲ್ಲ ಅಂದ್ರು. ಸರಿ ಅಂದೆ. ಅವ್ವನ ಸಮಾಧಿ ಬೇಲಿ ಒಳಗೆ ಸಿಕ್ಕಾಕಂಡಿತ್ತಲ್ಲ, ನಮ್ಗೆ ಪೂಜೆ ಪುನಸ್ಕಾರಕ್ಕೆ ಅಡ್ಡಿ ಆಯ್ತು ಅಂತ ಎಂಟು ರೂಪಾಯಿ ಬರ್ದ್ರು."

"ಅಷ್ಟಾದರೂ ಬಂತಲ್ಲ."

"ತಡೀರಿ ಸಾ. ಅಪ್ಪನ್ನ ಮಣ್ಣು ಮಾಡ್ದಾಗ ನೆಲ ಸರ್ಕಾರದ್ದು. ಒಪ್ಪಿಗೆ ಇಲ್ದೆ ಅವ್ರು ಅಲ್ಲಿ ಇದ್ರು ಅಂತ, ಅವತ್ತಿಂದ ನೆಲ ವಾಪಸ್ ಕೊಡೋಗಂಟ ಬಾಡ್ಗೆ ಆಕಿದ್ರು."

"ಬಾಡಿಗೆಯೇ? ಎಷ್ಟು?"

"ಎಂಟು ರೂಪಾಯಿ."

ನಾನು ಲೋಟ ಕೆಳಗಿಟ್ಟೆ. "ಹಾಗಾದರೆ ಕೈಗೆ ಬಂದದ್ದು?"

"ಏನೂ ಇಲ್ಲ. ಅದನ್ನ ಇದಕ್ಕೆ ವಜಾ ಹಾಕ್ಬುಟ್ರು." ಅವನು ಟೀ ಮುಗಿಸಿ, ಎದ್ದು, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. "ಬದುಕಿರೋಗಂಟ ಅವ್ವನ ಒಂದು ಕಾಸೂ ಅಪ್ಪ ಮುಟ್ಟಿದೋರಲ್ಲ ಸಾ. ಈಗ ನೋಡಿ, ಅವ್ವನ ದುಡ್ಡಲ್ಲೇ ಬಾಡ್ಗೆ ಕಟ್ಟಿ ಪಕ್ಕದಲ್ಲಿ ಕೂತವ್ರೆ."